ಪರದೆಯಾಚೆಯ ಗಂಟೆ

ಬೇಡುವವನ ಹೆಸರನ್ನು ಕೇಳದೆ ಗಾಳಿಯನ್ನೂ ಬೆಳಕನ್ನೂ ನೀಡುವವನೇ, ಕೊಟ್ಟ ಮೇಲೆ ಕೊಟ್ಟೆನೆಂದು ಒಮ್ಮೆಯೂ ಹೇಳಿಕೊಳ್ಳದವನೇ, ಈ ಕಥೆಯನ್ನು ಹೇಳಹೊರಟ ನಾಲಗೆಯಲ್ಲಿ ನೆಲೆಸು. ಇದ್ದುದಕ್ಕಿಂತ ಹೆಚ್ಚು ಹೇಳುವ ಆಸೆಯನ್ನು ಅದರಿಂದ ತೊಡೆದುಹಾಕು. ಯಾರ ತಪ್ಪನ್ನು ಇಲ್ಲಿ ಹೇಳಬೇಕಾಗಿದೆಯೋ ಅವರೆಲ್ಲರೂ ಒಳ್ಳೆಯವರೇ ಆಗಿದ್ದರೆಂಬುದನ್ನು ಕೇಳುವವರು ಕೊನೆಯವರೆಗೂ ಮರೆಯದಂತೆ ಅನುಗ್ರಹಿಸು.

ಒಂದು ಊರಿನಲ್ಲಿ ನೇಯ್ಗೆಯಿಂದ ಬದುಕು ಕಟ್ಟಿಕೊಂಡ ಒಂದು ಮನೆತನವಿತ್ತು. ಮನೆಯ ತಾಯಿ ಒಂದೇ ಮಗ್ಗದಿಂದ ಆರಂಭಿಸಿ, ಕಡೆಗಾಲಕ್ಕೆ ವಿದ್ಯುತ್ ಮಗ್ಗಗಳ ದೊಡ್ಡದೊಂದು ಶೆಡ್ಡನ್ನು ಮಕ್ಕಳ ಕೈಗೆ ಒಪ್ಪಿಸಿದಳು. ಶೆಡ್ಡಿನ ಜೊತೆಗೆ ಇನ್ನೊಂದನ್ನೂ ಒಪ್ಪಿಸಿದಳು: ಲಾಭದ ಒಂದು ಪಾಲಿನಿಂದ ನಡೆಯುವ ದತ್ತಿಸಂಸ್ಥೆ. ಅದರ ಧರ್ಮದರ್ಶಿಗಳೆಲ್ಲರೂ ಮನೆಯವರೇ.

ಆ ತಾಯಿ ಚಿಕ್ಕವಳಾಗಿದ್ದಾಗ ಚಳಿಗಾಲದಲ್ಲಿ ಯಾರೋ ಶ್ರೀಮಂತರು ಬೀದಿಯಲ್ಲಿ ಕಂಬಳಿ ಹಂಚಿದ್ದರಂತೆ. ಸಾಲಿನಲ್ಲಿ ಅವಳ ಸರದಿ ಬಂದಾಗ ಹಂಚುತ್ತಿದ್ದವರ ಪಕ್ಕದಲ್ಲಿದ್ದವನೊಬ್ಬ, "ಇವಳಿಗೆ ಬೇಡ, ಇವಳಪ್ಪ ಕುಡುಕ, ನಾಳೆಗೇ ಮಾರಿಕೊಳ್ತಾನೆ" ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ. ಕಂಬಳಿ ಸಿಗದ ಚಳಿ ಆ ವರ್ಷವೇ ಮುಗಿಯಿತು. ಆ ಮಾತಿನ ಚಳಿ ಮಾತ್ರ ಅವಳ ಮುಪ್ಪಿನವರೆಗೂ ಉಳಿಯಿತು. ಆದ್ದರಿಂದ ಅವಳು ತನ್ನ ಸಂಸ್ಥೆಯ ಧ್ಯೇಯವನ್ನು ಹೀಗೆ ಹೇಳುತ್ತಿದ್ದಳು: "ಕೊಡೋದನ್ನ ಮರ್ಯಾದೆಯಿಂದ ಕೊಡಿ, ಇಲ್ಲ ಅನ್ನೋದನ್ನ ಅದಕ್ಕಿಂತ ಮರ್ಯಾದೆಯಿಂದ ಹೇಳಿ." ಯಾವುದಕ್ಕೆ ಕೊಡಬೇಕೆಂಬುದರಲ್ಲಿಯೂ ಅವಳಿಗೆ ಗೊಂದಲವಿರಲಿಲ್ಲ. ಮೊದಲು ಅಂಗ, ಆಮೇಲೆ ಕಸುಬು, ಆಮೇಲೆ ಸೂರು. ಕಣ್ಣು ಕಿವಿ ಕೈಕಾಲುಗಳನ್ನು ಉಳಿಸುವ ಕೆಲಸಕ್ಕೆ ಮೊದಲ ಆದ್ಯತೆ. ಕೈಗೊಂದು ವಿದ್ಯೆ ಕಲಿಸುವವರಿಗೆ ಎರಡನೆಯದು. ಮನೆ ಬಿಟ್ಟು ಓದಲು ಬಂದ ಹೆಣ್ಣುಮಕ್ಕಳ ವಸತಿಗೆ ಮೂರನೆಯದು.

ಇಲ್ಲವೆನ್ನುವುದಕ್ಕೆ ಅವಳು ಕಂಡುಕೊಂಡ ಉಪಾಯ ವಿಚಿತ್ರವಾದದ್ದು. ಸಭೆಯ ಕೋಣೆಯ ಪಕ್ಕದಲ್ಲೊಂದು ಚಿಕ್ಕ ಕೋಣೆಯಿತ್ತು. ಅದರ ನಡುವೆ ತನ್ನ ಮೊದಲ ಮಗ್ಗದಲ್ಲಿ ನೇಯ್ದ ದಪ್ಪ ಬಟ್ಟೆಯ ಪರದೆಯನ್ನು ಇಳಿಬಿಟ್ಟಳು. ಪರದೆಯ ಈಚೆ, ಗೋಡೆಗೆ ಮುಖಮಾಡಿ, ಕಣ್ಣು ಮುಚ್ಚಿಕೊಂಡು ಮನೆಯ ಹಿರಿಯರು ಕೂರಬೇಕು. ಪರದೆಯ ಆಚೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾದ ಒಂದು ಬೆಳ್ಳಿಯ ಗಂಟೆ. ಒಂದೊಂದು ಕೋರಿಕೆಯ ಚರ್ಚೆ ಮುಗಿದ ಮೇಲೆ ಧರ್ಮದರ್ಶಿಗಳು ಒಬ್ಬೊಬ್ಬರಾಗಿ, ತಮಗೆ ತೋಚಿದ ಕ್ರಮದಲ್ಲಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಒಪ್ಪಿಗೆಯಿದ್ದರೆ ಒಂದು ಗಳಿಗೆ ನಿಂತು ಸುಮ್ಮನೆ ಹೊರಬರಬೇಕು. ಒಪ್ಪಿಗೆಯಿಲ್ಲದಿದ್ದರೆ ಗಂಟೆಯನ್ನು ಬೆರಳ ತುದಿಯಿಂದ ಮುಟ್ಟಬೇಕು. ಅದರ ಸೂಜಿಯಂಥ ದನಿ ಪರದೆಯನ್ನು ದಾಟುತ್ತಿತ್ತು, ಬಾಗಿಲನ್ನು ದಾಟುತ್ತಿರಲಿಲ್ಲ. ಗಂಟೆ ಒಮ್ಮೆ ಕೇಳಿಸಿತೆಂದರೆ ಸಾಕು, ಹಿರಿಯರು ಹೊರಗೆ ಬಂದು "ಈ ಸಲ ಆಗಲಿಲ್ಲ" ಎನ್ನುತ್ತಿದ್ದರು. ಬಾರಿಸಿದವರು ಯಾರು, ಕಾರಣವೇನು, ಎಂದು ಯಾರೂ ಕೇಳುವಂತಿಲ್ಲ. ನಾನು ಬಾರಿಸಿದೆನೆಂದು ಹೇಳಿಕೊಳ್ಳುವಂತೆಯೂ ಇಲ್ಲ. ಹೀಗೆ ಒಬ್ಬರ ಗುಟ್ಟು ತಿಳಿದವರು ಆ ಗುಟ್ಟನ್ನು ಬೀದಿಗೆ ಎಳೆಯದೆಯೇ ಕೆಡುಕನ್ನು ತಡೆಯಬಹುದಾಗಿತ್ತು.

ತಾಯಿಯ ನಂತರ ಗೋಡೆಯತ್ತ ಮುಖಮಾಡಿದ ಕುರ್ಚಿ ಹಿರಿಯ ಮಗನಿಗೆ ಬಂತು. ಎಳವೆಯಿಂದಲೂ ಮಗ್ಗಗಳ ನಡುವೆಯೇ ಬೆಳೆದವನು. ಸತ್ಯವಂತ, ಮಿತಭಾಷಿ, ತನಗಾಗಿ ಒಂದು ಹೊಸ ಅಂಗಿ ಹೊಲಿಸಿಕೊಳ್ಳಲೂ ಎರಡು ಸಲ ಯೋಚಿಸುವವನು. ಅವನ ಕಾಲದ ಆರಂಭದಲ್ಲಿ ಗಂಟೆ ಆಗಾಗ ಕೇಳಿಸುತ್ತಿತ್ತು. ಬರಬರುತ್ತ ಅಪರೂಪವಾಯಿತು. ಆಮೇಲೆ ಕೇಳಿಸಲೇ ಇಲ್ಲ. ಅವನಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೊಂದಿರಲಿಲ್ಲ. ಪ್ರತಿ ಕೋರಿಕೆಗೂ ಹೊರಗೆ ಬಂದು, ಕಣ್ಣು ತುಂಬಿಕೊಂಡು, "ಎಲ್ಲರ ಒಪ್ಪಿಗೆ ಇದೆ" ಎನ್ನುತ್ತಿದ್ದ. "ನಮ್ಮಮ್ಮ ಬಯಸಿದ್ದು ಇದನ್ನೇ. ನಮ್ಮದು ಈಗ ಒಂದೇ ಮನಸ್ಸಿನ ಮನೆ" ಎಂದು ನೆಂಟರಿಷ್ಟರ ಮುಂದೆ ಹೇಳಿಕೊಳ್ಳುತ್ತಿದ್ದ.

ಧರ್ಮದರ್ಶಿಗಳು ಅವನಲ್ಲದೆ ಇನ್ನು ನಾಲ್ವರು: ಅವನ ಹೆಂಡತಿ, ಮಾತಿನಮಲ್ಲನೆಂದು ಹೆಸರಾದ ತಮ್ಮ, ಗಂಡನನ್ನು ಕಳೆದುಕೊಂಡು ಹಿಂದಿನ ಬೀದಿಯಲ್ಲಿ ಒಬ್ಬಳೇ ಇದ್ದ ತಂಗಿ, ಮತ್ತು ವಯಸ್ಸಿಗೆ ಬಂದ ಮೇಲೆ ಸೇರಿಕೊಂಡ ಮಗಳು, ಮನೆಯವರ ಬಾಯಲ್ಲಿ ಇನ್ನೂ ಪುಟ್ಟಿ.

ಇವರಲ್ಲಿ ತಂಗಿ ಅಣ್ಣನೊಡನೆ ಮಾತು ಬಿಟ್ಟು ಕೆಲವು ವರ್ಷಗಳಾಗಿದ್ದವು. ಅದಕ್ಕೆ ಹಿನ್ನೆಲೆ ಇಷ್ಟು. ಹೆಣ್ಣುಮಕ್ಕಳ ಒಂದು ವಸತಿನಿಲಯವನ್ನು ದೊಡ್ಡದು ಮಾಡಲು ಅದರ ಮೇಲ್ವಿಚಾರಕ ನೆರವು ಕೋರಿದ್ದ. ಹಿರಿಯ ಎಂದಿನಂತೆ ಗೋಡೆಗೆ ಮುಖಮಾಡಿ ಕುಳಿತ, ಹೊರಬಂದು ಎಲ್ಲರ ಒಪ್ಪಿಗೆಯನ್ನು ಸಾರಿದ. ಮಹಡಿ ಏರಿತು, ಹುಡುಗಿಯರ ಸಂಖ್ಯೆಯೂ ಏರಿತು. ಒಂದು ಸಂಜೆ ಅಡುಗೆಮನೆಯಿಂದ ಬೆಂಕಿ ಎದ್ದಾಗ ತಿಳಿಯಿತು, ಆ ಮನುಷ್ಯ ಕತ್ತಲಾಗುವ ಮುನ್ನವೇ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದನೆಂದು. ನೆರೆಯವರು ಬಾಗಿಲು ಒಡೆದರು, ಎಲ್ಲರೂ ಬದುಕಿದರು. ಆದರೆ ಅದಕ್ಕೂ ಮೊದಲೇ ಹೊಗೆಗೆ ಹೆದರಿ ಮಹಡಿಯಿಂದ ಹಾರಿದ ಒಬ್ಬಳ ಎಡಗಾಲು ಉಳಿಯಲಿಲ್ಲ. ಮೇಲ್ವಿಚಾರಕ ಕೆಲಸ ಕಳೆದುಕೊಂಡ, ಶಿಕ್ಷೆಯೂ ಆಯಿತು. ಹುಡುಗಿಯನ್ನು ತಂಗಿ ತನ್ನ ಮನೆಗೆ ಕರೆತಂದು ಸಾಕಿದಳು, ಕಸೂತಿ ಕಲಿಸಿದಳು. ಅಂದಿನಿಂದ ಸಭೆಗೂ ಬರಲಿಲ್ಲ, ಅಣ್ಣನ ಹೊಸ್ತಿಲನ್ನೂ ತುಳಿಯಲಿಲ್ಲ. "ಅವನ ಕೈಯಿಂದ ನೀರು ಕೂಡ ಬೇಡ" ಎಂದು ಅತ್ತಿಗೆಗೆ ಹೇಳಿ ಕಳುಹಿಸಿದಳು. ಏಕೆಂದು ಹೇಳಲಿಲ್ಲ. ಇಷ್ಟಕ್ಕೆಲ್ಲ ತನ್ನೊಬ್ಬನನ್ನೇ ಹೊಣೆಮಾಡುವುದು ಯಾವ ನ್ಯಾಯವೆಂದು ಅಣ್ಣ ಒಳಗೊಳಗೇ ಕೊರಗಿದ. ಒಡಹುಟ್ಟಿದವಳ ಒಂದು ಮಾತಿಗಾಗಿ ಅವನು ದೇವರಲ್ಲಿ ದಿನವೂ ಮೊರೆಯಿಡುತ್ತಿದ್ದನೆಂಬುದು ಹೆಂಡತಿಗೆ ಮಾತ್ರ ಗೊತ್ತಿತ್ತು.

ಹೀಗಿರಲು ಮಗಳು ಒಂದು ಹೊಸ ಪ್ರಸ್ತಾಪ ತಂದಳು: ಊರಿನ ಮಗ್ಗದ ಶೆಡ್ಡುಗಳಲ್ಲಿ ದುಡಿಯುವವರ ಕಿವಿ ಪರೀಕ್ಷಿಸಿ, ಬೇಕಾದವರಿಗೆ ಕೇಳುವ ಯಂತ್ರ ಕೊಡುವ ಒಂದು ಸಂಚಾರಿ ವಾಹನ. ಅಂಗಕ್ಕೆ ಮೊದಲ ಆದ್ಯತೆಯೆಂಬ ಅಜ್ಜಿಯ ಮಾತಿಗೆ ಇದು ಸರಿಯಾಗಿ ಹೊಂದುತ್ತಿತ್ತು. ನೋಡಲೆಂದು ಅಂಥದೊಂದು ವಾಹನವನ್ನು ಸಂಸ್ಥೆಯ ಅಂಗಳಕ್ಕೆ ಕರೆಸಿದಳು. ಒಳಗೆ ಗಾಜಿನ ಕಿಟಕಿಯ ಒಂದು ಪುಟ್ಟ ಗೂಡು. ಹೊರಗೆ ಯಂತ್ರದ ಮುಂದೆ ಪರೀಕ್ಷೆ ಮಾಡುವ ತರುಣಿ.

"ಯಜಮಾನರೇ ಮೊದಲು ಕೂತ್ಕೊಳ್ಳಲಿ, ಶುಭ ಆಗ್ಲಿ" ಎಂದ ತಮ್ಮ. "ನಮ್ಮಣ್ಣನ ಕಿವಿ ಆನೆ ಕಿವಿ ಕಣಮ್ಮಾ. ಪೂರ್ತಿ ಪರೀಕ್ಷೆ ಮಾಡೋದಕ್ಕೆ ನಿನ್ನ ಗೂಡು ಸಾಲುತ್ತೋ ಇಲ್ವೋ."

"ಆನೆ ಕಿವಿ ಅಲ್ಲ, ಗಂಡನ ಕಿವಿ" ಎಂದಳು ಹೆಂಡತಿ. "ಊಟಕ್ಕೆ ಕರೆದ್ರೆ ಬೀದಿ ಕೊನೇಲಿದ್ರೂ ಕೇಳುತ್ತೆ. ಒಲೆ ಮೇಲೆ ಕೆಟಲ್ ಸೀಟಿ ಹೊಡೀತಿದ್ರೆ ಪಕ್ಕದಲ್ಲೇ ಕೂತು ಪೇಪರ್ ಓದ್ತಾರೆ."

ಎಲ್ಲರೂ ನಕ್ಕರು. ಹಿರಿಯನೂ ನಗುತ್ತಲೇ ಗೂಡಿನೊಳಗೆ ಕುಳಿತ. ತರುಣಿ ಅವನ ಕಿವಿಗಳಿಗೆ ಹೆಡ್‌ಫೋನು ಇಟ್ಟು, ಕೈಗೆ ಒಂದು ಗುಂಡಿ ಕೊಟ್ಟು, ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕೆಂದಳು. ದಪ್ಪನೆಯ ಸದ್ದುಗಳು ಒಂದಾದ ಮೇಲೊಂದು ಬಂದವು. ಅವನು ಹುರುಪಿನಿಂದ ಒತ್ತಿದ. ಆಮೇಲೆ ಏನೂ ಬರಲಿಲ್ಲ. ಕಾದ. ಗಾಜಿನಾಚೆ ಅವಳ ಕೈ ಯಂತ್ರದ ಮೇಲೆ ಆಡುತ್ತಿರುವುದು ಕಾಣುತ್ತಿತ್ತು. ಇನ್ನೂ ಕಾದ.

"ಯಂತ್ರ ಕೆಟ್ಟಿದೆ ನೋಡಮ್ಮ" ಎಂದ, ಹೆಡ್‌ಫೋನು ತೆಗೆದು.

"ಇಲ್ಲ ಸರ್, ಸರಿಯಾಗಿದೆ." ಅವಳ ದನಿಯಲ್ಲಿ ಅಭ್ಯಾಸವಾದ ಮೃದುತ್ವವಿತ್ತು. "ಆಗಿಂದ ಸದ್ದು ಕೊಡ್ತಾನೇ ಇದ್ದೆ. ಮಗ್ಗದಲ್ಲಿ ಕೆಲಸ ಮಾಡಿದೋರಿಗೆ ಸಾಮಾನ್ಯವಾಗಿ ಹೀಗೇ ಆಗೋದು. ಮಾತು ಕೇಳುತ್ತೆ, ದಪ್ಪ ಸದ್ದು ಕೇಳುತ್ತೆ. ಸಣ್ಣ ದನಿ ಮೊದಲು ಹೋಗುತ್ತೆ. ಗುಬ್ಬಿ, ಸೀಟಿ, ಸಣ್ಣ ಗಂಟೆ, ಇಂಥವು."

ಹಿತ್ತಲಲ್ಲಿ ಗುಬ್ಬಿಗಳೇ ಇಲ್ಲವಾದವೆಂದು ಅವನು ಎಷ್ಟೋ ಸಲ ಮರುಗಿದ್ದುಂಟು. ಹೆಂಡತಿ ಮರದತ್ತ ನೋಡಿ ಏನೋ ಹೇಳಹೋಗಿ ಸುಮ್ಮನಾಗುತ್ತಿದ್ದಳು. ಆದರೆ ಈಗ ಅವನ ಮನಸ್ಸು ಗುಬ್ಬಿಗಳ ಮೇಲಿರಲಿಲ್ಲ.

"ಏನಂದೆ? ಸಣ್ಣ ಗಂಟೆ?"

"ಹೌದು ಸರ್."

"ಯಾವಾಗಿಂದ ಹೀಗೆ?"

"ಅದು ಹೇಳೋದು ಕಷ್ಟ ಸರ್. ಒಂದು ದಿನದಲ್ಲಿ ಆಗೋದಲ್ಲ. ತುಂಬ ವರ್ಷಗಳಿಂದ ಸ್ವಲ್ಪ ಸ್ವಲ್ಪವೇ ಹೋಗಿರುತ್ತೆ. ಹೋಗ್ತಿದೆ ಅಂತ ನಮಗೆ ಗೊತ್ತೇ ಆಗಲ್ಲ."

ಅವನು ಎದ್ದ. ಎದ್ದ ರಭಸಕ್ಕೆ ಗೂಡಿನ ಬಾಗಿಲು ಗೋಡೆಗೆ ಬಡಿಯಿತು. ಯಾರ ಮುಖವನ್ನೂ ನೋಡದೆ, ಮಗಳ ಮಣಿಕಟ್ಟು ಹಿಡಿದು, ಮೆಟ್ಟಿಲು ಹತ್ತಿ ಸಭೆಯ ಕೋಣೆಯನ್ನು ದಾಟಿ ಆ ಚಿಕ್ಕ ಕೋಣೆಯೊಳಗೆ ಹೋದ. ಬಾಗಿಲು ಹಾಕಿದ. ಗೋಡೆಯತ್ತ ಮುಖಮಾಡಿ ತನ್ನ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದ.

"ಪುಟ್ಟಿ, ಆಚೆ ಹೋಗಿ ಬಾರಿಸು."

ಅವಳ ಹೆಜ್ಜೆ ಕೇಳಿಸಿತು. ಪರದೆ ಸರಿದದ್ದು ಕೇಳಿಸಿತು. ಆಮೇಲೆ ಕೋಣೆ ನಿಶ್ಶಬ್ದವಾಯಿತು.

"ಬಾರಿಸು ಅಂದೆನಲ್ಲ?"

"ಬಾರಿಸ್ತಾನೇ ಇದ್ದೀನಿ ಅಪ್ಪಾ."

ಅವನು ಎದ್ದು ಪರದೆಯನ್ನು ಎಳೆದ. ಆ ಕುರ್ಚಿಯಲ್ಲಿ ಕುಳಿತವರು ಹಾಗೆ ಪರದೆ ಎಳೆದದ್ದು ಅದೇ ಮೊದಲು. ಮಗಳ ಬೆರಳು ಗಂಟೆಯನ್ನು ಮುಟ್ಟಿ ಮುಟ್ಟಿ ಬಿಡುತ್ತಿತ್ತು. ಗಂಟೆ ತೂಗುತ್ತಿತ್ತು, ಅದರ ನಾಲಗೆ ಆ ಬದಿಗೂ ಈ ಬದಿಗೂ ಬಡಿಯುತ್ತಿತ್ತು. ಕನಸಿನಲ್ಲಿ ಯಾರೋ ಬಾಯಿ ತೆರೆದು ಕೂಗುತ್ತಿರುವಂತೆ, ಸದ್ದೇ ಇಲ್ಲದೆ. ಅವನು ಬಾಗಿ ಕಿವಿಯನ್ನು ಅದರ ಹತ್ತಿರಕ್ಕೆ ಒಯ್ದ. ಬೆಳ್ಳಿಯ ತಣ್ಣನೆಯ ಅಂಚು ಕಿವಿಗೆ ತಗುಲಿತು. ಕೇಳಿಸಿದ್ದು ತನ್ನ ಉಸಿರು ಮಾತ್ರ.

ಮಗಳು ಕೈ ಹಿಂತೆಗೆದುಕೊಂಡಳು. "ಅಪ್ಪಾ, ಹಾಗಾದ್ರೆ ಹೋದ ವರ್ಷ ನಾನು..."

"ಹೇಳಬೇಡ" ಎಂದ ಅಭ್ಯಾಸಬಲದಿಂದ. ಮರುಕ್ಷಣವೇ ಗೋಡೆಗೆ ಒರಗಿ, "ಹೇಳು. ಹೇಳಿಬಿಡು" ಎಂದ.

"ನಾನು ಬಾರಿಸಿದ್ದೆ. ನೀವು ಹೊರಗೆ ಬಂದು ಎಲ್ಲರ ಒಪ್ಪಿಗೆ ಇದೆ ಅಂದ್ರಿ. ನನ್ನ ಮುಖಾನೇ ನೋಡಿಕೊಂಡು ಅಂದ್ರಿ. ಚಿಕ್ಕವಳ ಮಾತು ಲೆಕ್ಕಕ್ಕಿಲ್ಲ ಅಂದ್ಕೊಂಡು ಸುಮ್ಮನಾದೆ."

ಸಭೆಯ ಕೋಣೆಯ ಉದ್ದನೆಯ ಮೇಜಿನ ಸುತ್ತ ನಾಲ್ವರು ಕುಳಿತರು. ಹಿರಿಯ ನಡೆದುದನ್ನು ಹೇಳಿದ. "ಅಮ್ಮನ ನಿಯಮ ಮುರೀತಿದ್ದೀನಿ. ಅವಳು ಕ್ಷಮಿಸಲಿ. ಯಾರ್ಯಾರು ಬಾರಿಸಿದ್ರಿ, ಹೇಳಿ."

ತಮ್ಮ ಎಂದಿನಂತೆ ಹಗುರಮಾಡಲು ನೋಡಿದ. "ಆ ಅಮೃತಶಿಲೆ ಗ್ರಂಥಾಲಯ ಕಟ್ಟಿಸೋ ಕೋರಿಕೆಗೆ ನಾನು ಬಾರಿಸಿದ್ದೆ ಅಣ್ಣ. ಓದೋರು ಇರಲ್ಲ, ಕಲ್ಲಿನ ಮೇಲೆ ಜಾರಿ ಬೀಳೋರು ಮಾತ್ರ ಇರ್ತಾರೆ ಅಂತ. ನೀನು ಒಪ್ಪಿಗೆ ಅಂದೆ. ಸರಿ, ಯಜಮಾನನಿಗೆ ಕಲ್ಲಿನ ಮೇಲೆ ಪ್ರೀತಿ ಅಂದ್ಕೊಂಡೆ..." ನಗಲು ಹೊರಟ ಬಾಯಿ ಅರ್ಧಕ್ಕೆ ನಿಂತಿತು. ಅವನ ಕಣ್ಣುಗಳು ಮೇಜಿನ ಮೇಲೆಯೇ ನೆಟ್ಟವು. "ಅಣ್ಣ... ಹಾಸ್ಟೆಲ್ಲಿಗೂ ಬಾರಿಸಿದ್ದೆ."

ತಮ್ಮ ತಲೆಯೆತ್ತದೆಯೇ ಮುಂದುವರಿಸಿದ.

"ಆ ಮನುಷ್ಯನ ಹಳೇ ಕೆಲಸದ ಕಡೆ ಏನೋ ಕೇಳಿದ್ದೆ. ಗಟ್ಟಿ ಆಧಾರ ಇರ್ಲಿಲ್ಲ. ಅದಕ್ಕೇ ಗಂಟೆ ಬಾರಿಸಿದೆ. ನೀನು ಬೇಕು ಅಂದ ಮೇಲೆ ನಿನಗೆ ಹೆಚ್ಚು ಗೊತ್ತಿರಬೇಕು ಅಂದ್ಕೊಂಡೆ."

ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳು ಅದನ್ನು ತೆಗೆದಾಗ ಮಾತು ಪಿಸುಗುಟ್ಟಿದಂತೆ ಬಂತು, ಗಂಡನಿಗೆ ಕೇಳಿಸದೆ ಮತ್ತೆ ಹೇಳಬೇಕಾಯಿತು. "ನಾನೂ ಬಾರಿಸಿದ್ದೆ ಕಣ್ರೀ, ಅವತ್ತು. ಅವನು ಆ ಹುಡುಗೀರನ್ನ ನೋಡೋ ರೀತಿ ನನಗೆ ಹಿಡಿಸಿರಲಿಲ್ಲ. ಹೆಂಡತಿಯ ಗಂಟೆ ಅಂತ ಗೊತ್ತಾಗಿ ನೀವು ಬೇಕಂತಲೇ ಬಿಟ್ರೇನೋ ಅಂದ್ಕೊಂಡೆ. ಅವತ್ತಿಂದ ನಾನು ಬಾರಿಸೋದನ್ನೇ ಬಿಟ್ಟೆ."

ಮಗಳು ಆಗಿನ್ನೂ ಧರ್ಮದರ್ಶಿಯಾಗಿರಲಿಲ್ಲ. ಅಂದು ಪರದೆಯಾಚೆ ಹೋಗಿಬಂದವರು ಮೂವರೇ. ಮೂರನೆಯವಳ ಕುರ್ಚಿ ಮೇಜಿನ ತುದಿಯಲ್ಲಿ ಖಾಲಿಯಾಗಿತ್ತು. ಅವಳು ಏನು ಮಾಡಿರಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ.

ಯಾವ ಮನೆಯಲ್ಲಿಯೂ ಹೀಗಾಗದಿರಲಿ. ಒಬ್ಬರಲ್ಲ, ಇಬ್ಬರಲ್ಲ, ಎಲ್ಲರೂ ಬೇಡವೆಂದಿದ್ದರು. ಎಲ್ಲರ ಬೇಡವೂ ಸೇರಿ ಎಲ್ಲರ ಒಪ್ಪಿಗೆಯಾಗಿ ಹೊರಬಂದಿತ್ತು. ಪ್ರತಿಯೊಬ್ಬರೂ ತಾವೊಬ್ಬರೇ ಬಾರಿಸಿದೆವೆಂದೂ ಹಿರಿಯ ಕೇಳಿಯೂ ಕೇಳದಂತಿದ್ದನೆಂದೂ ತಿಳಿದು, ಮರ್ಯಾದೆಗೆ ಕಟ್ಟುಬಿದ್ದು, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿದ್ದರು. ಹಿರಿಯ ಮೇಜಿನಿಂದ ಎದ್ದ. "ಒಂದೇ ಮನಸ್ಸಿನ ಮನೆ" ಎಂದ ತನ್ನಷ್ಟಕ್ಕೆ. ಆ ಮಾತು ಬಾಯಿಯಲ್ಲಿ ಬೂದಿಯಾಯಿತು.

ಅಂದೇ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಹಿಂದಿನ ಬೀದಿಗೆ ಹೋದ. ಬಾಗಿಲು ತೆರೆದವಳು ಆ ಹುಡುಗಿಯೇ. ಈಗ ತರುಣಿ, ಕಂಕುಳಲ್ಲಿ ಊರುಗೋಲು, ಬೆರಳಲ್ಲಿ ಸೂಜಿ. ಅವಳು ಒಳಕ್ಕೆ ತಿರುಗಿ, "ಚಿಕ್ಕಮ್ಮಾ, ಯಾರು ಬಂದಿದ್ದಾರೆ ನೋಡಿ" ಎಂದಳು.

ತಂಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಣ್ಣನನ್ನು ನೋಡಿದಳು, ಹುಡುಗಿಯೊಡನೆ ಮಾತಾಡಿದಳು. "ಅವರಿಗೆ ಕೂತ್ಕೊಳ್ಳೋದಕ್ಕೆ ಹೇಳು. ಮನೆಗೆ ಬಂದೋರನ್ನ ನಿಲ್ಲಿಸಿ ಮಾತಾಡೋ ಪದ್ಧತಿ ನನಗಿಲ್ಲ. ಅದೆಲ್ಲ ದೊಡ್ಡವರ ಮನೇಲಿ."

ಅಣ್ಣ ಕೂರಲಿಲ್ಲ. "ನಿನ್ನ ಗಂಟೆ ನನಗೆ ಕೇಳಿಸಲಿಲ್ಲ, ತಂಗಿ."

"ಕೇಳಿಸಲಿಲ್ಲ ಅನ್ನೋದಕ್ಕೆ ಇಷ್ಟು ವರ್ಷ ಬೇಕಾಯ್ತಾ ಅಂತ ಕೇಳು ಅವರನ್ನ" ಎಂದಳು ಹುಡುಗಿಗೆ.

"ಅತ್ತೆ, ನಿಜ" ಎಂದಳು ಮಗಳು. "ಕಿವಿ ಹತ್ರ ಹಿಡಿದು ಬಾರಿಸಿದೆ. ಒಂಚೂರೂ ಕೇಳಿಸಲಿಲ್ಲ. ಅಮ್ಮನೂ ಬಾರಿಸಿದ್ರಂತೆ, ಚಿಕ್ಕಪ್ಪನೂ ಬಾರಿಸಿದ್ರಂತೆ. ಯಾರದೂ ಕೇಳಿಸಿಲ್ಲ."

ತಂಗಿಯ ಕೈಯಲ್ಲಿದ್ದ ಲೋಟ ಬಾಗಿಲ ಚೌಕಟ್ಟಿಗೆ ತಾಗಿತು. ಅವಳು ಅಲ್ಲಿಯೇ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಇಷ್ಟು ವರ್ಷ ಅವಳು ಆತುಕೊಂಡು ನಿಂತಿದ್ದ ಗೋಡೆಯನ್ನು ಯಾರೋ ಹಿಂದಿನಿಂದ ತೆಗೆದಂತಾಯಿತು. ಅಣ್ಣ ಕೇಳಿದ್ದ, ಕೇಳಿಯೂ ಕೊಟ್ಟ, ಆದ್ದರಿಂದ ಪಾಪವೆಲ್ಲ ಅವನದು. ಅವಳ ಬಾಳಿಗೆ ಆಧಾರವಾಗಿದ್ದ ಲೆಕ್ಕ ಇಷ್ಟೇ. ಅವಳ ತುಟಿಗಳು ಅಲುಗಿದವು. ಯಾರಿಗೆ ಹೇಳುತ್ತಿರುವೆನೆಂಬ ಪರಿವೆಯಿಲ್ಲದೆ ಹೇಳಿದಳು:

"ನಾನು ಬಾಯಿಬಿಟ್ಟು ಹೇಳಬಹುದಾಗಿತ್ತು. ಗಂಟೆ ಮುಟ್ಟಿದೆ, ನನ್ನ ಕೆಲಸ ಮುಗೀತು ಅಂದ್ಕೊಂಡೆ. ಬೀಗದ ವಿಷಯ ಯಾರಿಗೂ ಹೇಳಬೇಡಿ ಅಂತ ಅಲ್ಲಿನ ಒಂದು ಮಗು ಅಳ್ತಾ ಆಣೆ ಹಾಕಿಸಿಕೊಂಡಿತ್ತು..."

"ಬೀಗದ ವಿಷಯ?" ಎಂದಳು ಊರುಗೋಲಿನವಳು.

ತಂಗಿ ತಲೆಯೆತ್ತಿದಳು. ಆಗ ಅವಳಿಗೆ ತಾನು ಏನು ಹೇಳಿದೆನೆಂದು ಅರಿವಾಯಿತು.

"ಚಿಕ್ಕಮ್ಮಾ, ಅವನು ಹೊರಗಿಂದ ಬೀಗ ಹಾಕ್ತಾನೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ತಂಗಿ ಲೋಟವನ್ನು ನೆಲದ ಮೇಲಿಟ್ಟಳು. "ಗೊತ್ತಿತ್ತು. ನಿನ್ನ ಕೋಣೆಯವಳೇ ಹೇಳಿದ್ದಳು."

ಹುಡುಗಿ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಕೋಲೂರಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಅಗುಳಿ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು, ಹಿರಿಯನಿಗೂ.

ಅಣ್ಣ ತಂಗಿಯರು ಆ ಮುಚ್ಚಿದ ಬಾಗಿಲಿನ ಮುಂದೆ, ಒಬ್ಬರನ್ನೊಬ್ಬರು ನೋಡದೆ, ಬಿಸಿಲು ಇಳಿಯುವವರೆಗೂ ಕುಳಿತಿದ್ದರು. ಅವಳು ಅವನೊಡನೆ ಮಾತಾಡಲಿಲ್ಲ. ಆದರೆ ಹೋಗೆಂದೂ ಹೇಳಲಿಲ್ಲ. ಕೊನೆಗೆ ಅಗುಳಿ ತೆರೆಯಿತು. ಹುಡುಗಿಯ ಕಣ್ಣುಗಳು ಊದಿಕೊಂಡಿದ್ದವು.

"ನಾನು ಇಲ್ಲೇ ಇರ್ತೀನೋ ಇಲ್ವೋ, ನನಗೆ ಈಗ ಗೊತ್ತಿಲ್ಲ ಚಿಕ್ಕಮ್ಮಾ. ಅದನ್ನ ಯೋಚನೆ ಮಾಡಬೇಕು. ನಿಮ್ಮಿಬ್ಬರನ್ನೂ ಸಮಾಧಾನ ಮಾಡೋ ಶಕ್ತಿ ಅಂತೂ ಇವತ್ತು ನನಗಿಲ್ಲ. ನೀವು ನಿಮ್ಮ ಸಭೆಗೆ ಹೋಗಿ. ಇನ್ನು ಮುಂದೆ ಗೊತ್ತಿರೋದನ್ನ ಅಲ್ಲೇ ಬಾಯಲ್ಲಿ ಹೇಳಿ. ನನಗೆ ಹೇಳಿ ಏನು ಬಂತು?"

ಮುಂದಿನ ಸಭೆಯ ಬೆಳಿಗ್ಗೆ ಹಿರಿಯ ಬೇಗನೆ ಬಂದು ಪರದೆಯನ್ನು ಇಳಿಸಿ ಮಡಿಸಿದ. ತಾಯಿಯ ಕೈಯ ನೇಯ್ಗೆಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ಅವಳ ಧ್ಯೇಯವನ್ನು ತಾನು ಕೆಡಿಸಿದೆನೋ ಉಳಿಸುತ್ತಿರುವೆನೋ ತಿಳಿಯದೆಯೇ ಕಪಾಟಿನಲ್ಲಿಟ್ಟ. ಎಲ್ಲರೂ ಕುಳಿತ ಮೇಲೆ ಮಗಳು ವಾಹನದ ಪ್ರಸ್ತಾಪವನ್ನು ಮಂಡಿಸಲು ಎದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಡಿತು. ತಂಗಿ ಒಳಗೆ ಬಂದು, ಯಾರನ್ನೂ ನೋಡದೆ, ತನ್ನ ಖಾಲಿ ಕುರ್ಚಿಯನ್ನು ಎಳೆದುಕೊಂಡು ಕುಳಿತಳು. ಅತ್ತಿಗೆ ಅವಳ ಮುಂದೆ ನೀರಿನ ಲೋಟವಿಟ್ಟಳು. ಅವಳು ಕುಡಿದಳು.

ಮಗಳು ಮಾತು ಮುಗಿಸಿದಳು. ಹಿರಿಯ ಕಣ್ಣು ತೆರೆದುಕೊಂಡೇ ಕೇಳಿದ, "ಬೇಡ ಅನ್ನೋರು ಇದ್ದಾರಾ? ಬಾಯಲ್ಲೇ ಹೇಳಿ."

ತಂಗಿ ಮೇಜನ್ನು ನೋಡುತ್ತ ಏನೋ ಅಂದಳು. ಅವನಿಗೆ ಅದು ತಿಳಿಯಲಿಲ್ಲ. ಕಿವಿಯ ಹಿಂದೆ ಅಂಗೈಯಿಟ್ಟು ಮುಂದಕ್ಕೆ ಬಾಗಿದ. ಅವಳು ತಲೆಯೆತ್ತಿ ಅವನನ್ನೇ ನೋಡಿ ಹೇಳಿದಳು:

"ಬೇಡ ಅಣ್ಣ!"

"ಮೆಲ್ಲಗೆ ಕಣೇ" ಎಂದ ತಮ್ಮ. "ಇಷ್ಟು ವರ್ಷದ್ದೆಲ್ಲ ಒಂದೇ ಸಲ ಕೂಗಬೇಡ."

ಯಾರೂ ನಗಲಿಲ್ಲ, ಅವನೂ ನಗಲಿಲ್ಲ. ಎಷ್ಟೋ ಕಾಲದ ಮೇಲೆ ಅಣ್ಣ ಎಂಬ ಮಾತನ್ನು ಅವಳ ಬಾಯಿಂದ ಹಿರಿಯ ಕೇಳಿದ್ದ. ಆದರೂ ಅವನು ಕೇಳಬೇಕಾದುದನ್ನು ಕೇಳಿದ. "ಯಾಕೆ?"

"ಪುಟ್ಟಿ ಒಳ್ಳೇ ಮನಸ್ಸಿಂದ ತಂದಿದ್ದಾಳೆ. ಅವಳ ತಪ್ಪಲ್ಲ. ಆದ್ರೆ ನಿನ್ನ ಕಿವಿಯನ್ನ ತಿಂದದ್ದು ಯಾವುದು ಅಣ್ಣ? ಊರಲ್ಲಿ ಎಲ್ಲಕ್ಕಿಂತ ದೊಡ್ಡ ಶೆಡ್ಡು ಯಾರದು? ನಮ್ಮ ಮಗ್ಗ ಅವರ ಕಿವಿ ತಿನ್ನುತ್ತೆ. ಆ ಲಾಭದಲ್ಲಿ ನಾವು ಅವರಿಗೇ ಯಂತ್ರ ಹಂಚ್ತೀವಿ, ಫೋಟೋನೂ ತೆಗೆಸ್ಕೋತೀವಿ. ಇದು ಯಾವ ಸೀಮೆ ಧರ್ಮ?"

ಬೆಳಗಿನ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಆ ಬೆಳಕಿನಲ್ಲಿ ಎಲ್ಲರ ಮುಖವೂ ತೆರೆದಿಟ್ಟ ಹಾಗೆ ಕಾಣುತ್ತಿತ್ತು. ಮಗಳು ನಿಂತಲ್ಲೇ ನಿಂತಿದ್ದಳು. ಊರಿನ ಶೆಡ್ಡುಗಳನ್ನೆಲ್ಲ ಸುತ್ತಿ ಬಂದವಳಿಗೆ ತನ್ನ ಮನೆಯದೂ ಅಂಥದೇ ಶೆಡ್ಡೆಂದು ಹೊಳೆದಿರಲಿಲ್ಲ. ಹಿರಿಯ ತನ್ನ ಕಿವಿಯನ್ನು ಮುಟ್ಟಿಕೊಂಡ, ಅದು ಅಲ್ಲಿದೆಯೋ ಇಲ್ಲವೋ ಎಂಬಂತೆ.

"ಶೆಡ್ಡು ಸರಿಮಾಡೋದಕ್ಕೆ ಹೊರಟ್ರೆ ಲಾಭ ಕರಗುತ್ತೆ" ಎಂದ ತಮ್ಮ, ತಗ್ಗಿದ ದನಿಯಲ್ಲಿ. "ಆಮೇಲೆ ದಾನಕ್ಕೆ ಎಷ್ಟು ಉಳಿಯುತ್ತೆ?"

"ಕಡಿಮೆ ಉಳಿಯುತ್ತೆ" ಎಂದ ಹಿರಿಯ. "ಏಳಿ. ಹೋಗಿ ನೋಡೋಣ."

ಶೆಡ್ಡು ಅಂಗಳದಾಚೆಯೇ ಇತ್ತು. ಕಬ್ಬಿಣದ ಬಾಗಿಲು ಸರಿಸುತ್ತಲೇ ಸದ್ದು ಅವರ ಎದೆಗೆ ಗುದ್ದಿತು. ಸಾಲುಸಾಲು ಮಗ್ಗಗಳು, ಹಾರುವ ಲಾಳಿಗಳು, ಗಾಳಿಯಲ್ಲಿ ಹತ್ತಿಯ ಧೂಳು. ಹೆಂಡತಿ ಕಿವಿ ಮುಚ್ಚಿಕೊಂಡಳು. ತಂಗಿ ಅಣ್ಣನತ್ತ ತಿರುಗಿ ಏನೋ ಹೇಳಿದಳು. ತುಟಿ ಅಲುಗಿದ್ದು ಮಾತ್ರ ಕಂಡಿತು, ಯಾರಿಗೂ ಏನೂ ಕೇಳಿಸಲಿಲ್ಲ. ಪ್ರತಿದಿನ ಬಂದು ಹೋಗುತ್ತಿದ್ದ ಜಾಗವನ್ನು ಹಿರಿಯ ಮೊದಲ ಬಾರಿ ನೋಡುವವನಂತೆ ನೋಡಿದ. ಕೈಯೆತ್ತಿ ಮೇಸ್ತ್ರಿಗೆ ಸನ್ನೆ ಮಾಡಿದ. ಮೇಸ್ತ್ರಿ ನಂಬಲಾರದೆ ಎರಡು ಸಲ ಸನ್ನೆಯಲ್ಲೇ ಕೇಳಿ, ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಗೆಳೆದ.

ಮಗ್ಗಗಳು ಒಂದೊಂದಾಗಿ ನಿಂತವು. ಕೆಲಸದ ಹೊತ್ತಿನಲ್ಲಿ ಆ ಶೆಡ್ಡಿನೊಳಗೆ ಅಂಥ ಮೌನ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲಿಯೋ ಒಂದು ದಾರದ ಉಂಡೆ ಉರುಳಿದ್ದೂ ಕೇಳಿಸುವಂತಿತ್ತು.

ಹತ್ತಿರದ ಮಗ್ಗದ ಹಿಂದಿನಿಂದ ನರೆಗೂದಲ ನೇಕಾರನೊಬ್ಬ ಬೆವರು ಒರೆಸಿಕೊಳ್ಳುತ್ತ ಎದ್ದು ಬಂದ. ಅವರಿಂದ ಒಂದು ಮಾರು ದೂರದಲ್ಲಿ ನಿಂತು, ಎದೆಯ ಉಸಿರನ್ನೆಲ್ಲ ಕೂಡಿಸಿ, ಮಗ್ಗಗಳೆಲ್ಲ ಇನ್ನೂ ಓಡುತ್ತಿವೆಯೋ ಎಂಬಂತೆ, ಆ ಮೌನದೊಳಗೆ ಅರಚಿದ:

"ಯಾಕ್ ನಿಲ್ಲಿಸಿದ್ರಿ ಯಜಮಾನ್ರೇ! ಏನಾಯ್ತು!"

ಅವನ ಕೂಗು ತಗಡಿನ ಮಾಡಿಗೆ ಬಡಿದು ಮರಳಿತು. ಸುತ್ತಲಿನ ನೇಕಾರರಲ್ಲಿ ಒಬ್ಬರೂ ಬೆಚ್ಚಲಿಲ್ಲ. ಬೆಚ್ಚಿದವರು ಮನೆಯ ಐವರು ಮಾತ್ರ. ತಂಗಿ ಅಣ್ಣನ ತೋಳನ್ನು ಹಿಡಿದುಕೊಂಡಳು. ಅವನು ಉತ್ತರಕ್ಕಾಗಿ ಬಾಯಿ ತೆರೆದ. ಇವನಿಗೆ ಕೇಳಿಸಬೇಕಾದರೆ ತಾನೂ ಅರಚಬೇಕೆಂದು ತಿಳಿದು, ಆ ಮುದುಕನ ಹತ್ತಿರಕ್ಕೆ ಹೋಗಿ, ಹೆಗಲ ಮೇಲೆ ಕೈಯಿಟ್ಟು, ತಡೆತಡೆದು, ಗಟ್ಟಿಯಾಗಿ, ನಡೆದುದನ್ನೆಲ್ಲ ಮೊದಲಿನಿಂದ ಹೇಳತೊಡಗಿದ. ಆ ದಿನ ಮಗ್ಗಗಳು ಮತ್ತೆ ಓಡಲಿಲ್ಲ.

ಈ ಕಥೆಯನ್ನು ಕೇಳಿದ ನಿಮ್ಮೆಲ್ಲರ ಮನೆಗಳಲ್ಲಿ ಬೇಕೆನ್ನುವವರ ಜೊತೆಗೆ ಬೇಡವೆನ್ನುವವರೂ ಪ್ರೀತಿಯಿಂದ ಬಾಳಲಿ. ದುಡಿಯುವವರ ಅಂಗ ದುಡಿಮೆಗೆ ಬಲಿಯಾಗದಿರಲಿ. ನಿಮ್ಮ ದಾನ ಹೊರಗೆ ಹೆಜ್ಜೆಯಿಡುವ ಮೊದಲು ನಿಮ್ಮ ಅಂಗಳವನ್ನು ಹರಸಲಿ. ಓದಿದವರಿಗೂ ಓದಿಸಿದವರಿಗೂ, ದೂರದಿಂದ ಆಲಿಸಿದವರಿಗೂ, ಆಲಿಸಲಾರದವರಿಗೂ ಒಳಿತಾಗಲಿ.